ಎಂಸಿಬಿ ಬೀಳಲಿಲ್ಲ, ಕನೆಕ್ಟರ್ ಸುಟ್ಟಿತ್ತು

ಕಳೆದ ರಮಝಾನಿನಲ್ಲಿ ಒಂದು ದಿನ ಸಹರಿಯ ಹೊತ್ತಿಗೆ ಬಚ್ಚಲುಮನೆಯ ಕಡೆಯಿಂದ ಮೀನಿನ ವಾಸನೆ ಬರುತ್ತಿದೆ ಎಂದು ಉಮ್ಮ ಹೇಳಿದರು. ಮನೆಗೆ ಮೀನು ತಂದು ಮೂರು ದಿನವಾಗಿತ್ತು. ಬೆಕ್ಕು ಎಲ್ಲಿಂದಲೋ ಬಂಗುಡೆಯ ತಲೆ ತಂದು ಹಾಕಿರಬೇಕೆಂದು ನಾನು ಬಾಗಿಲ ಹಿಂದೆ, ಬಕೆಟ್ಟಿನ ಸಂದಿಯಲ್ಲಿ ಹುಡುಕಿದೆ. ಏನೂ ಸಿಗಲಿಲ್ಲ. ಆ ದಿನ ಇಫ್ತಾರಿಗೆ ಬಂದ ಮಾಮ ಕೈ ತೊಳೆಯಲು ಹೋದವರು ಹಾಗೆಯೇ ಹೊರಗೆ ಬಂದು ಮೊದಲು ಮೈನ್ ಸ್ವಿಚ್ ಆಫ್ ಮಾಡಿದರು. ಅವರು ದಮ್ಮಾಮಿನಲ್ಲಿ ಹಲವು ವರ್ಷ ಎಲೆಕ್ಟ್ರಿಷಿಯನ್ ಆಗಿದ್ದವರು. "ಇದು ಮೀನಲ್ಲ, ಪ್ಲಾಸ್ಟಿಕ್ಕು" ಎಂದರು.

ಗೀಸರಿನ ಪಕ್ಕದ ಸಣ್ಣ ಪೆಟ್ಟಿಗೆಯ ಮುಚ್ಚಳ ತೆಗೆದಾಗ ಒಳಗಿದ್ದ ಬಿಳಿ ಕನೆಕ್ಟರ್ ಕಂದು ಬಣ್ಣಕ್ಕೆ ತಿರುಗಿ, ಒಂದು ಕಡೆ ಕರಗಿ ಕುಸಿದಿತ್ತು. ಅದಕ್ಕೆ ಸೇರಿದ್ದ ವೈರಿನ ಕೆಂಪು ಹೊದಿಕೆ ಎರಡು ಇಂಚಿನಷ್ಟು ಕಪ್ಪಾಗಿ, ಮುಟ್ಟಿದರೆ ಪುಡಿಯಾಗುವಂತಿತ್ತು. ಸ್ವಿಚ್ಚು, ಹೋಲ್ಡರು, ಕನೆಕ್ಟರುಗಳಲ್ಲಿ ಬಳಸುವ ಕೆಲವು ಬಗೆಯ ಪ್ಲಾಸ್ಟಿಕ್ಕುಗಳು ಅತಿಯಾಗಿ ಕಾದರೆ ಮೀನಿನಂಥ ವಾಸನೆ ಕೊಡುತ್ತವೆ. ಕರಾವಳಿಯ ಮನೆಯಲ್ಲಿ ಅದನ್ನು ಯಾರು ಅನುಮಾನಿಸುತ್ತಾರೆ?

ನನ್ನನ್ನು ಕಾಡಿದ್ದು ಬೇರೆ ಪ್ರಶ್ನೆ. ಗೀಸರಿಗೆಂದೇ ಬೇರೆ ಎಂಸಿಬಿ ಇತ್ತು, ಅದು ಬೀಳಲಿಲ್ಲ. ಮೈನ್‌ನಲ್ಲಿ ಆರ್‌ಸಿಸಿಬಿಯೂ ಇತ್ತು, ಅದೂ ಬೀಳಲಿಲ್ಲ. ಕಾಪಾಡಲೆಂದೇ ದುಡ್ಡು ಕೊಟ್ಟು ಹಾಕಿಸಿದ ಎರಡು ಉಪಕರಣಗಳು ಸುಮ್ಮನೆ ನೋಡುತ್ತಾ ನಿಂತದ್ದು ಯಾಕೆ?

ಉತ್ತರ ನಮ್ಮ ದ್ವಿತೀಯ ಪಿಯುಸಿ ಪಠ್ಯದಲ್ಲೇ ಇದೆ. ನಮ್ಮ ಗೀಸರ್ 3 ಕಿಲೋವ್ಯಾಟಿನದು. 230 ವೋಲ್ಟಿನಲ್ಲಿ ಅದು ಸುಮಾರು 13 ಆಂಪಿಯರ್ ಎಳೆಯುತ್ತದೆ, ಅಂದರೆ ಅದರ ರೋಧ ಸುಮಾರು 17.6 ಓಮ್. ಈಗ ದಾರಿಯಲ್ಲಿರುವ ಕನೆಕ್ಟರ್ ಸಡಿಲವಾಗಿ, ಅಲ್ಲಿ 0.15 ಓಮ್ ರೋಧ ಹುಟ್ಟಿಕೊಂಡಿತು ಎಂದಿಟ್ಟುಕೊಳ್ಳಿ. ಅದು ಗೀಸರಿನೊಂದಿಗೆ ಸರಣಿಯಲ್ಲಿದೆ. ಒಟ್ಟು ರೋಧ 17.75 ಓಮ್ ಆಯಿತು, ಕರೆಂಟು 13ರಿಂದ 12.9 ಆಂಪಿಯರಿಗೆ ಇಳಿಯಿತು. ಏರಲಿಲ್ಲ, ಇಳಿಯಿತು! 16 ಆಂಪಿಯರಿನ ಎಂಸಿಬಿ ಕಾಯುವುದು ಕರೆಂಟು ಮಿತಿ ಮೀರುವುದನ್ನು. ಅದರ ದೃಷ್ಟಿಯಲ್ಲಿ ಎಲ್ಲವೂ ಮೊದಲಿಗಿಂತ ಒಂದು ಕೂದಲೆಳೆಯಷ್ಟು ಚೆನ್ನಾಗಿದೆ. ಆರ್‌ಸಿಸಿಬಿ ನೋಡುವುದು ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲ್ಲಿನಲ್ಲಿ ಪೂರ್ತಿ ವಾಪಸು ಬಂತೇ ಎಂದು ಮಾತ್ರ. ಇಲ್ಲಿ ಸೋರಿಕೆಯೇ ಇಲ್ಲ.

ಆದರೆ ಆ 0.15 ಓಮಿನಲ್ಲಿ ಹುಟ್ಟುವ ಶಾಖ ಎಷ್ಟು? ಕರೆಂಟಿನ ವರ್ಗವನ್ನು ರೋಧದಿಂದ ಗುಣಿಸಿದರೆ ಸುಮಾರು 25 ವ್ಯಾಟ್. ರೇಡಿಯೋ ರಿಪೇರಿಯವರು ಬಳಸುವ ಸಾಮಾನ್ಯ ಸೋಲ್ಡರಿಂಗ್ ಐರನ್ನಿನ ಶಕ್ತಿಯೂ 25 ವ್ಯಾಟೇ. ಅದು ಸೀಸ ಕರಗಿಸುತ್ತದೆ. ಒಂದು ಸೋಲ್ಡರಿಂಗ್ ಐರನ್ನನ್ನು ಆನ್ ಮಾಡಿ ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಮುಚ್ಚಿಟ್ಟು ಎಲ್ಲರೂ ಬೆಳಗ್ಗೆ ಬೆಳಗ್ಗೆ ಬಿಸಿನೀರು ಕಾಯಿಸುತ್ತಿದ್ದೇವೆ ಎಂದು ಯೋಚಿಸಿ. ಗೀಸರಿಗೆ ಇದರಿಂದ ಕಡಿಮೆಯಾಗುವುದು ಎರಡು ವೋಲ್ಟಿಗಿಂತ ಕಡಿಮೆ. ನೀರು ಎಂದಿನಂತೆಯೇ ಕಾಯುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಕೊನೆಗೆ ವೈರಿನ ಹೊದಿಕೆ ಸುಟ್ಟು ಫೇಸೂ ನ್ಯೂಟ್ರಲ್ಲೂ ತಾಗಿದರೆ ಆಗ ಎಂಸಿಬಿ ಬಿದ್ದೀತು. ಅಷ್ಟು ಹೊತ್ತಿಗೆ ಬೆಂಕಿ ಹತ್ತಿರಬಹುದು.

ಆದ್ದರಿಂದ ಜೋಡಣೆ ಇರುವ ಜಾಗದಲ್ಲಿ ನಮ್ಮನ್ನು ಕಾಯುವುದು ಆ ಜೋಡಣೆಯ ಗುಣಮಟ್ಟವೇ. ಬೇರೆ ಕಾವಲುಗಾರರಿಲ್ಲ.

ಕನೆಕ್ಟರ್ ಎಂದರೆ ಯಾವುದು ಎಂದು ಗೊತ್ತಿಲ್ಲದವರಿಗೆ ಹೇಳುತ್ತೇನೆ. ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಉದ್ದನೆಯ ಪ್ಲಾಸ್ಟಿಕ್ ಪಟ್ಟಿಗಳು ಸಿಗುತ್ತವೆ, ಸಾಮಾನ್ಯವಾಗಿ ಒಂದರಲ್ಲಿ ಹನ್ನೆರಡು ಮನೆ. ಪ್ರತಿ ಮನೆಯೊಳಗೆ ಒಂದು ಲೋಹದ ಕೊಳವೆ, ಅದರ ಮೇಲೆ ಎರಡು ಸ್ಕ್ರೂ. ಎರಡೂ ಕಡೆಯಿಂದ ವೈರು ತೂರಿಸಿ ಸ್ಕ್ರೂ ಬಿಗಿದರೆ ಜಾಯಿಂಟ್ ಆಯಿತು. ಬೇಕಾದಷ್ಟು ಮನೆಗಳನ್ನು ಚಾಕುವಿನಿಂದ ಕತ್ತರಿಸಿಕೊಳ್ಳಬಹುದು. ಚಾಕೊಲೇಟ್ ಬಾರಿನಂತೆ ತುಂಡಾಗುತ್ತದೆಂದು ಇಂಗ್ಲೆಂಡಿನಲ್ಲಿ ಇದಕ್ಕೆ 'ಚಾಕ್ ಬ್ಲಾಕ್' ಎನ್ನುತ್ತಾರೆ. ಸ್ವಿಚ್ಚಿನ ಹಿಂಭಾಗ, ಸಾಕೆಟ್ಟು, ಸೀಲಿಂಗ್ ಫ್ಯಾನಿನ ಬುಡ, ಟ್ಯೂಬ್‌ಲೈಟಿನ ಪಟ್ಟಿ, ಎಂಸಿಬಿಯ ಬಾಯಿ ಹೀಗೆ ಎಲ್ಲೆಡೆ ಇರುವುದು ಇದೇ ತತ್ತ್ವ: ಸ್ಕ್ರೂ ಒತ್ತುತ್ತದೆ, ವೈರು ಲೋಹಕ್ಕೆ ತಾಗುತ್ತದೆ.

ಈ 'ತಾಗುವುದು' ಎಂಬುದರಲ್ಲಿಯೇ ಗುಟ್ಟಿದೆ. ಕಣ್ಣಿಗೆ ನಯವಾಗಿ ಕಾಣುವ ಲೋಹವೂ ಸೂಕ್ಷ್ಮದರ್ಶಕದ ಕೆಳಗೆ ಗುಡ್ಡ ಕಣಿವೆಗಳ ನಾಡು. ಎರಡು ಲೋಹಗಳನ್ನು ಒಂದರ ಮೇಲೊಂದು ಇಟ್ಟರೆ ನಿಜವಾಗಿ ತಾಗುವುದು ಕೆಲವು ಗುಡ್ಡಗಳ ತುದಿಗಳು ಮಾತ್ರ. ಇಡೀ ಕರೆಂಟು ಆ ಕೆಲವು ಚುಕ್ಕೆಗಳ ಮೂಲಕವೇ ನುಸುಳಬೇಕು. ಸ್ವೀಡನ್ನಿನ ವಿಜ್ಞಾನಿ ರಾಗ್ನರ್ ಹೋಮ್ ಕಳೆದ ಶತಮಾನದಲ್ಲಿ ಇದನ್ನು ಜೀವನವಿಡೀ ಅಧ್ಯಯನ ಮಾಡಿದರು. ನಿಜವಾದ ಸ್ಪರ್ಶದ ವಿಸ್ತೀರ್ಣ ಮುಖ್ಯವಾಗಿ ಒತ್ತುವ ಬಲವನ್ನೂ ಲೋಹದ ಗಡಸುತನವನ್ನೂ ಅವಲಂಬಿಸುತ್ತದೆಯೇ ಹೊರತು, ಕಣ್ಣಿಗೆ ಕಾಣುವ ವಿಸ್ತೀರ್ಣವನ್ನಲ್ಲ. ಅಂದರೆ ಕನೆಕ್ಟರ್ ಎಷ್ಟು ದೊಡ್ಡದು ಎನ್ನುವುದಕ್ಕಿಂತ ಅದು ಎಷ್ಟು ಬಲವಾಗಿ, ಎಷ್ಟು ವರ್ಷ ಒತ್ತಿ ಹಿಡಿದುಕೊಂಡೀತು ಎನ್ನುವುದು ಮುಖ್ಯ.

ಆ ಬಲ ಸಣ್ಣದೇನಲ್ಲ. ಅಂತರರಾಷ್ಟ್ರೀಯ ಮಾನದಂಡದ ಪರೀಕ್ಷೆಗಳಲ್ಲಿ 3 ಮಿಲಿಮೀಟರ್ ಸ್ಕ್ರೂವನ್ನು ಬಿಗಿಯಲು ಹೇಳುವ ಟಾರ್ಕ್ ಸುಮಾರು 0.5 ನ್ಯೂಟನ್ ಮೀಟರ್, 4 ಮಿಲಿಮೀಟರಿನದಕ್ಕೆ 1.2. ಸ್ಕ್ರೂ ಎಂದರೆ ಸುತ್ತಿಕೊಂಡ ಇಳಿಜಾರು ತಾನೇ? ಘರ್ಷಣೆಯಲ್ಲಿ ಹೋಗುವುದು ಹೋದ ಮೇಲೂ ಆ ಅರ್ಧ ನ್ಯೂಟನ್ ಮೀಟರಿನಿಂದ ವೈರಿನ ಮೇಲೆ ಸುಮಾರು 800 ನ್ಯೂಟನ್ ಬಲ ಬೀಳುತ್ತದೆ. 80 ಕಿಲೋ ತೂಕದ ಮನುಷ್ಯ ವೈರಿನ ಮೇಲೆ ನಿಂತಂತೆ. ಅಗ್ಗದ ಕನೆಕ್ಟರ್ ಸೋಲುವುದು ಇಲ್ಲೇ. ಅದರ ಕೊಳವೆಯ ಗೋಡೆ ತೆಳು. ಸ್ಕ್ರೂ ಕಚ್ಚಿಕೊಳ್ಳಲು ಒಂದೋ ಒಂದೂವರೆಯೋ ಸುತ್ತಿನ ಮರೆ ಮಾತ್ರ ಸಿಗುತ್ತದೆ. ಬಿಗಿ ಬರುವ ಮೊದಲೇ ಮರೆ ಸವೆದು ಸ್ಕ್ರೂ ಸುಮ್ಮನೆ ತಿರುಗುತ್ತದೆ. ಅದನ್ನು ಅರಿತ ಕೆಲಸಗಾರ ಮರೆ ಹೋಗದಿರಲೆಂದು ಅರ್ಧಕ್ಕೇ ನಿಲ್ಲಿಸುತ್ತಾನೆ. ಎರಡರಲ್ಲಿ ಯಾವುದಾದರೂ ಜಾಯಿಂಟ್ ಸಡಿಲವೇ.

ಮಾಮ ನಮ್ಮ ಸುಟ್ಟ ಕನೆಕ್ಟರಿನ ಪ್ಲಾಸ್ಟಿಕ್ಕನ್ನು ಕತ್ತರಿಸಿ ಒಳಗಿನ ಕೊಳವೆಯನ್ನು ತೆಗೆದು, ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ಹತ್ತಿರ ತಂದರು. ಟಕ್ಕೆಂದು ಅಂಟಿತು. ಹೊರಗೆ ಹಿತ್ತಾಳೆಯ ಹಳದಿ, ಒಳಗೆ ಕಬ್ಬಿಣ. ತಕ್ಕಡಿಯಲ್ಲಿ ಕಡಿಮೆ ತೂಗುವುದಕ್ಕೂ ಇದಕ್ಕೂ ಏನು ವ್ಯತ್ಯಾಸ ಎಂದು ಅವರು ಗೊಣಗಿದರು. ಕಬ್ಬಿಣದ ರೋಧಶೀಲತೆ ಹೆಚ್ಚು, ಅದಕ್ಕೇ ಕಾದಿದೆ ಎಂದು ನಾನು ಪಾಂಡಿತ್ಯ ತೋರಿಸಿದೆ. ಆಮೇಲೆ ಕುಳಿತು ಲೆಕ್ಕ ಹಾಕಿದಾಗ ನನ್ನ ಮಾತು ತಪ್ಪೆಂದು ತಿಳಿಯಿತು. ತಾಮ್ರದ ರೋಧಶೀಲತೆ 1.7, ಹಿತ್ತಾಳೆಯದು ಮಿಶ್ರಣಕ್ಕೆ ತಕ್ಕಂತೆ 6ರಿಂದ 7, ಕಬ್ಬಿಣದ್ದು ಸುಮಾರು 10 (ಎಲ್ಲವೂ ಹತ್ತರ ಮೈನಸ್ ಎಂಟನೇ ಘಾತದ ಓಮ್ ಮೀಟರ್). ಎರಡು ಸೆಂಟಿಮೀಟರ್ ಉದ್ದದ, 15 ಚದರ ಮಿಲಿಮೀಟರ್ ಅಡ್ಡಕೊಯ್ತದ ಕೊಳವೆಗೆ ಹಿತ್ತಾಳೆಯಾದರೆ ಬರುವ ರೋಧ 0.0001 ಓಮಿನ ಆಸುಪಾಸು, ಕಬ್ಬಿಣವಾದರೆ 0.00013. ಎರಡೂ ಲೆಕ್ಕಕ್ಕಿಲ್ಲದಷ್ಟು ಸಣ್ಣವು. ಸಾವಿರ ಪಟ್ಟು ದೊಡ್ಡದಾದ 0.15 ಓಮ್ ಹುಟ್ಟುವುದು ಕೊಳವೆಯ ಮೈಯಲ್ಲಲ್ಲ, ವೈರೂ ಕೊಳವೆಯೂ ತಾಗುವ ಜಾಗದಲ್ಲಿ.

ಹಾಗಾದರೆ ಕಬ್ಬಿಣ ಯಾಕೆ ಬೇಡ? ಮೊದಲ ಕಾರಣ ರಸಾಯನಶಾಸ್ತ್ರದ ಎಲೆಕ್ಟ್ರೋಕೆಮಿಸ್ಟ್ರಿ ಪಾಠದಲ್ಲಿದೆ. ತಾಮ್ರದ ಪ್ರಮಾಣಿತ ವಿಭವ +0.34 ವೋಲ್ಟ್, ಕಬ್ಬಿಣದ್ದು −0.44. ಇವೆರಡೂ ತಾಗಿಕೊಂಡಿದ್ದು ನಡುವೆ ತೇವ ಸೇರಿದರೆ ಅದೊಂದು ಪುಟ್ಟ ಕೋಶ. ಅದರಲ್ಲಿ ಕಬ್ಬಿಣ ಆನೋಡ್ ಆಗಿ ಕರಗುತ್ತಾ ತುಕ್ಕಾಗುತ್ತದೆ. ಸಮುದ್ರದ ಉಪ್ಪುಗಾಳಿ, ಜೂನ್‌ನಿಂದ ಬಿಡದ ಮಳೆ, ಅದರ ಮೇಲೆ ಬಚ್ಚಲಿನ ಹಬೆ. ಈ ಕೋಶಕ್ಕೆ ನಮ್ಮ ಕರಾವಳಿಗಿಂತ ಒಳ್ಳೆಯ ಊರು ಬೇಕೇ? ಹಿತ್ತಾಳೆ ತಾಮ್ರಕ್ಕೆ ಹತ್ತಿರದ ಸಂಬಂಧಿ, ಅವೆರಡರ ನಡುವೆ ಇಷ್ಟು ಜಗಳವಿಲ್ಲ.

ಎರಡನೆಯದು ಉಷ್ಣ ವ್ಯಾಕೋಚನ. ಒಂದು ಡಿಗ್ರಿ ಬಿಸಿಯೇರಿದರೆ ತಾಮ್ರ ದಶಲಕ್ಷದಲ್ಲಿ 17 ಭಾಗ ಹಿಗ್ಗುತ್ತದೆ, ಹಿತ್ತಾಳೆ ಸುಮಾರು 19, ಕಬ್ಬಿಣ ಸುಮಾರು 12. ಕಬ್ಬಿಣದ ಕೊಳವೆಯೊಳಗಿನ ತಾಮ್ರದ ವೈರು ಕಾದಾಗ ಹಿಗ್ಗಲು ಜಾಗ ಸಾಲದೆ ಒತ್ತಿ ಚಪ್ಪಟೆಯಾಗುತ್ತದೆ. ತಾಮ್ರ ಮೆದು ಲೋಹ, ತಣ್ಣಗಾದ ಮೇಲೆ ಹಳೆಯ ಆಕಾರಕ್ಕೆ ಪೂರ್ತಿ ಮರಳುವುದಿಲ್ಲ. ದಿನಕ್ಕೆ ನಾಲ್ಕು ಬಾರಿ ಗೀಸರ್ ಹಾಕಿ ತೆಗೆದರೆ ವರ್ಷಕ್ಕೆ ಸಾವಿರಕ್ಕೂ ಹೆಚ್ಚು ಸಲ ಈ ಹಿಂಡಾಟ. ಸ್ವಲ್ಪ ಸಡಿಲ, ಅದರಿಂದ ಹೆಚ್ಚು ಶಾಖ, ಶಾಖದಿಂದ ತಾಮ್ರದ ಮೇಲೆ ಆಕ್ಸೈಡು, ಆಕ್ಸೈಡಿನಿಂದ ಹೆಚ್ಚು ರೋಧ, ಮತ್ತೆ ಹೆಚ್ಚು ಶಾಖ. ಒಮ್ಮೆ ಶುರುವಾದರೆ ಈ ಸುತ್ತು ತಾನಾಗಿ ನಿಲ್ಲುವುದಿಲ್ಲ.

ಇದೇ ಕಾರಣದಿಂದ ಅಮೆರಿಕ ಒಮ್ಮೆ ದೊಡ್ಡ ಬೆಲೆ ತೆತ್ತಿತು. 1960ರ ದಶಕದಲ್ಲಿ ತಾಮ್ರ ದುಬಾರಿಯಾದಾಗ, ಸುಮಾರು 1965ರಿಂದ 1973ರವರೆಗೆ ಅಲ್ಲಿನ ಅಸಂಖ್ಯ ಮನೆಗಳಿಗೆ ಅಲ್ಯೂಮಿನಿಯಂ ವೈರು ಎಳೆದರು. ವೈರಿನಲ್ಲಿ ದೋಷವಿರಲಿಲ್ಲ, ತಾಮ್ರಕ್ಕೆಂದು ಮಾಡಿದ ಸ್ಕ್ರೂ ಟರ್ಮಿನಲ್ಲುಗಳಲ್ಲೇ ಅದನ್ನು ಬಿಗಿದದ್ದು ತಪ್ಪಾಯಿತು. ಅಲ್ಯೂಮಿನಿಯಂ ತಾಮ್ರಕ್ಕಿಂತ ಹೆಚ್ಚು ಹಿಗ್ಗುತ್ತದೆ, ಒತ್ತಡದಲ್ಲಿ ನಿಧಾನವಾಗಿ ಹರಿದು ಜಾರುತ್ತದೆ, ಗಾಳಿ ತಾಗಿದ ಕೂಡಲೇ ಕರೆಂಟು ಹರಿಯದ ಆಕ್ಸೈಡಿನ ಪೊರೆ ಕಟ್ಟಿಕೊಳ್ಳುತ್ತದೆ. 1974ರ ಏಪ್ರಿಲ್‌ನಲ್ಲಿ ನ್ಯೂಯಾರ್ಕ್ ರಾಜ್ಯದ ಹ್ಯಾಂಪ್ಟನ್ ಬೇಸ್ ಎಂಬಲ್ಲಿ ಒಂದು ಮನೆಗೆ ಬೆಂಕಿ ಬಿದ್ದು ಇಬ್ಬರು ಸತ್ತರು. ಸಾಕೆಟ್ಟೊಂದರಲ್ಲಿದ್ದ ಅಲ್ಯೂಮಿನಿಯಂ ವೈರಿನ ಜೋಡಣೆ ಕೆಟ್ಟದ್ದೇ ಕಾರಣವೆಂದು ತನಿಖೆಯಲ್ಲಿ ತಿಳಿಯಿತು. 1972ಕ್ಕೆ ಮೊದಲು ತಯಾರಾದ ಅಲ್ಯೂಮಿನಿಯಂ ವೈರಿರುವ ಮನೆಗಳಲ್ಲಿ ಯಾವುದಾದರೂ ಜೋಡಣೆ ಬೆಂಕಿಯ ಅಪಾಯದ ಮಟ್ಟಕ್ಕೆ ತಲುಪುವ ಸಾಧ್ಯತೆ ತಾಮ್ರದ ಮನೆಗಳಿಗಿಂತ 55 ಪಟ್ಟು ಹೆಚ್ಚು ಎಂದು ಅಲ್ಲಿನ ಗ್ರಾಹಕ ಸುರಕ್ಷತಾ ಆಯೋಗ ಹೇಳಿದೆ. ಬ್ರಿಟನ್ನಿನ ಕಥೆ ತೀರಾ ಇತ್ತೀಚಿನದು. ಮನೆಯ ಎಂಸಿಬಿ ಪೆಟ್ಟಿಗೆಗಳಲ್ಲಿ ಸ್ಕ್ರೂ ಸಡಿಲವಾಗಿ ಪ್ಲಾಸ್ಟಿಕ್ ಪೆಟ್ಟಿಗೆಗಳೇ ಹೊತ್ತಿಕೊಳ್ಳುತ್ತಿದ್ದವು. 2016ರ ಜನವರಿಯಿಂದ ಅಲ್ಲಿ ಮನೆಗಳಿಗೆ ಹೊಸದಾಗಿ ಹಾಕುವ ಪೆಟ್ಟಿಗೆ ಉರಿಯದ ವಸ್ತುವಿನದಾಗಿರಬೇಕು, ಅಂದರೆ ಸಾಮಾನ್ಯವಾಗಿ ಉಕ್ಕಿನದು.

ಅಂಗಡಿಯಲ್ಲಿ ನಿಂತು ಒಳ್ಳೆಯದನ್ನು ಗುರುತಿಸುವುದು ಹೇಗೆ? ಮೊದಲು ಕೈಯಲ್ಲಿ ಹಿಡಿದು ತೂಕ ನೋಡಿ, ಹಿತ್ತಾಳೆ ದಪ್ಪಗಿದ್ದರೆ ಪಟ್ಟಿ ಭಾರವಾಗಿಯೇ ಇರುತ್ತದೆ. ಅಯಸ್ಕಾಂತ ಹಿಡಿಯಿರಿ, ಆದರೆ ಕೊಳವೆಗೆ ಹಿಡಿಯಬೇಕು, ಸ್ಕ್ರೂಗೆ ಅಲ್ಲ. ಒಳ್ಳೆಯ ಕಂಪನಿಗಳೂ ಸ್ಕ್ರೂವನ್ನು ಉಕ್ಕಿನಿಂದ ಮಾಡುವುದುಂಟು. ಅದರ ಕೆಲಸ ಒತ್ತುವುದು, ಕರೆಂಟು ಹೋಗುವುದು ಕೊಳವೆಯಲ್ಲಿ. ಇದು ತಿಳಿಯದೆ ಎಷ್ಟೋ ಜನ ಒಳ್ಳೆಯ ಮಾಲನ್ನೂ ಬೇಡವೆನ್ನುತ್ತಾರೆ. ಆಮೇಲೆ ಒಂದು ಸ್ಕ್ರೂವನ್ನು ಪೂರ್ತಿ ಬಿಚ್ಚಿ ಅದರ ತುದಿ ನೋಡಿ. ತುದಿ ಚೂಪಾಗಿ, ಒರಟಾಗಿದ್ದರೆ ವೈರಿನ ಸಣ್ಣ ಎಳೆಗಳನ್ನು ಕೊಯ್ಯುತ್ತದೆ. ಚಪ್ಪಟೆಯಾಗಿಯೋ ಗುಂಡಾಗಿಯೋ ಇದ್ದರೆ ಒಳ್ಳೆಯದು. ಸ್ಕ್ರೂವಿಗೂ ವೈರಿಗೂ ನಡುವೆ ಒಂದು ತೆಳು ಲೋಹದ ಎಲೆ ಇದ್ದರೆ ಇನ್ನೂ ಒಳ್ಳೆಯದು, ಅದು ಒತ್ತಡವನ್ನು ಹರಡುತ್ತದೆ. ಪಟ್ಟಿಯ ಮೇಲೆ ಬರಿದೇ '15 ಆಂಪಿಯರ್' ಎಂದು ಅಚ್ಚೊತ್ತಿದ್ದನ್ನು ನಂಬಬೇಡಿ. ನಮ್ಮ ಮನೆಯದರ ಮೇಲೂ ಹಾಗೆಯೇ ಇತ್ತು. ಎಷ್ಟು ಚದರ ಮಿಲಿಮೀಟರ್ ವೈರಿಗೆ, ಎಷ್ಟು ವೋಲ್ಟಿಗೆ, ಎಷ್ಟು ಉಷ್ಣತೆಗೆ ಎಂದು ಬರೆದು, ಕೆಳಗೆ ತಯಾರಕರ ಹೆಸರು ಹಾಕಿದವರು ಪರೀಕ್ಷೆಗೆ ಒಪ್ಪಿಸಿದವರಾಗಿರುವ ಸಾಧ್ಯತೆ ಹೆಚ್ಚು.

ಆ ಪರೀಕ್ಷೆಗಳ ಬಗ್ಗೆಯೂ ಎರಡು ಮಾತು. ಬಿಗಿದ ಮೇಲೆ 2.5 ಚದರ ಮಿಲಿಮೀಟರ್ ವೈರನ್ನು ಒಂದು ನಿಮಿಷ 50 ನ್ಯೂಟನ್ ಬಲದಲ್ಲಿ ಎಳೆದರೂ ಅದು ಜಾರಬಾರದು. ಐದು ಕಿಲೋ ಅಕ್ಕಿಯ ಚೀಲ ತೂಗುಹಾಕಿದಂತೆ. ಕರೆಂಟಿನ ಭಾಗಗಳನ್ನು ಹಿಡಿದಿರುವ ಪ್ಲಾಸ್ಟಿಕ್ಕಿಗೆ 850 ಡಿಗ್ರಿಗೆ ಕಾದು ಕೆಂಪಾದ ತಂತಿಯನ್ನು ಅರ್ಧ ನಿಮಿಷ ಒತ್ತುತ್ತಾರೆ. ತಂತಿ ತೆಗೆದ ಮೇಲೆ 30 ಸೆಕೆಂಡಿನೊಳಗೆ ಉರಿ ತಾನಾಗಿ ಆರಬೇಕು. ಹಳೆಯ ಮನೆಗಳ ಫ್ಯೂಸಿನಲ್ಲಿರುವ ಪಿಂಗಾಣಿಗೆ ಈ ಚಿಂತೆಯೇ ಇಲ್ಲ, ಅದು ಉರಿಯುವುದಿಲ್ಲ. ಗೀಸರಿನಂಥ ಭಾರದ ಜಾಗಕ್ಕೆ ಮಾಮ ಈಗಲೂ ಪಿಂಗಾಣಿ ಕನೆಕ್ಟರನ್ನೇ ಕೇಳಿ ತರುತ್ತಾರೆ. ವೈರು, ಸ್ವಿಚ್ಚು, ಸಾಕೆಟ್ಟುಗಳನ್ನು ಕೊಳ್ಳುವಾಗ ಐಎಸ್‌ಐ ಗುರುತು ನೋಡಿ: ವೈರಿಗೆ ಐಎಸ್ 694, ಸ್ವಿಚ್ಚಿಗೆ ಐಎಸ್ 3854, ಪ್ಲಗ್ ಸಾಕೆಟ್ಟಿಗೆ ಐಎಸ್ 1293. ಗುರುತಿನ ಕೆಳಗೆ ಸಿಎಂ/ಎಲ್ ಎಂದು ಶುರುವಾಗುವ ಪರವಾನಗಿ ಸಂಖ್ಯೆ ಇರುತ್ತದೆ. ಬಿಐಎಸ್ ಕೇರ್ ಎಂಬ ಮೊಬೈಲ್ ಆ್ಯಪಿನಲ್ಲಿ ಅದನ್ನು ಹಾಕಿದರೆ ಅಸಲಿಯೋ ನಕಲಿಯೋ ಗೊತ್ತಾಗುತ್ತದೆ.

ಎಷ್ಟೇ ಒಳ್ಳೆಯ ಕನೆಕ್ಟರೂ ಕೆಟ್ಟ ಕೈಯಲ್ಲಿ ಕೆಡುತ್ತದೆ. ದೊಡ್ಡ ತೂತಿಗೆ ಸಣ್ಣ ವೈರು ಹಾಕಿದರೆ ಸ್ಕ್ರೂ ಪಕ್ಕಕ್ಕೆ ಸರಿದು ಎರಡೇ ಎಳೆಗಳನ್ನು ಹಿಡಿಯುತ್ತದೆ. ಅಂಥ ಕಡೆ ವೈರಿನ ತುದಿಯನ್ನು ಮಡಚಿ ದಪ್ಪ ಮಾಡಬೇಕು. ಹೊದಿಕೆಯನ್ನು ಕಡಿಮೆ ಸುಲಿದರೆ ಸ್ಕ್ರೂ ತಾಮ್ರವನ್ನು ಬಿಟ್ಟು ಪಿವಿಸಿಯನ್ನು ಒತ್ತುತ್ತದೆ. ಎಳೆಗಳು ಚೆಲ್ಲಬಾರದೆಂದು ತುದಿಗೆ ಸೀಸ ಹಚ್ಚುವ ಅಭ್ಯಾಸ ಕೆಲವರಿಗಿದೆ. ನೋಡಲು ಅಚ್ಚುಕಟ್ಟು, ಆದರೆ ಸೀಸ ಒತ್ತಡದಲ್ಲಿ ಮೆಲ್ಲಗೆ ಜಾರಿ ಜಾಯಿಂಟ್ ಸಡಿಲವಾಗುತ್ತದೆ. ಅದರ ಬದಲು ತುದಿಗೆ ಪಿನ್ ಲಗ್ ಹಾಕಿ ಒತ್ತಿಸುವುದು ಸರಿ. ಬಿಗಿದ ಮೇಲೆ ಒಮ್ಮೆ ಗಟ್ಟಿಯಾಗಿ ಎಳೆದು ನೋಡಬೇಕು. ಬರಿದೇ ವೈರು ತಿರುಚಿ ಟೇಪು ಸುತ್ತುವುದಂತೂ ಕನೆಕ್ಟರಿಗಿಂತ ಕೆಟ್ಟದ್ದು. ನಮ್ಮ ವಾರ್ಷಿಕೋತ್ಸವದ ಸ್ಟೇಜಿನ ಹಿಂದೆ, ಈದ್ ದೀಪಾಲಂಕಾರದ ಸರಗಳಲ್ಲಿ ಎಷ್ಟು ಟೇಪಿನ ಗಂಟುಗಳಿವೆ ಎಂದು ಮುಂದಿನ ಸಲ ದೂರದಿಂದಲೇ ಎಣಿಸಿ ನೋಡಿ.

ಸ್ಕ್ರೂವಿನ ಗೊಡವೆಯೇ ಬೇಡವೆಂದು ಸ್ಪ್ರಿಂಗಿನ ಕನೆಕ್ಟರುಗಳೂ ಬಂದಿವೆ. 1951ರಲ್ಲಿ ಜರ್ಮನಿಯ ಮಿಂಡನ್ನಿನಲ್ಲಿ ಶುರುವಾದ ವಾಗೋ ಕಂಪನಿ ಇದರಲ್ಲಿ ಹೆಸರುವಾಸಿ. ಸ್ಪ್ರಿಂಗಿನ ಬಲ ಕಾರ್ಖಾನೆಯಲ್ಲೇ ನಿಗದಿಯಾಗಿರುತ್ತದೆ, ಬಿಗಿಯುವವನ ಕೈಯನ್ನು ನಂಬಬೇಕಾಗಿಲ್ಲ. ಆದರೆ ನಕಲಿಯ ಸ್ಪ್ರಿಂಗು ನಕಲಿ ಸ್ಕ್ರೂವಿಗಿಂತ ಮೇಲೇನಲ್ಲ.

ಇದನ್ನು ಓದಿ ಯಾರೂ ಸ್ಕ್ರೂಡ್ರೈವರ್ ಹಿಡಿದು ಪೆಟ್ಟಿಗೆ ತೆರೆಯಬೇಡಿ, ಅದು ಲೈಸೆನ್ಸ್ ಇರುವವರ ಕೆಲಸ. ನಾವು ಮಾಡಬಹುದಾದದ್ದು ಗಮನಿಸುವುದು. ಇಸ್ತ್ರಿ ಪೆಟ್ಟಿಗೆಯ ಪ್ಲಗ್ ತೆಗೆದಾಗ ಪಿನ್ ಬಿಸಿಯಿದೆಯೇ, ಸ್ವಿಚ್ ಬೋರ್ಡಿನ ಮೂಲೆ ಹಳದಿಗಟ್ಟಿದೆಯೇ, ಮೋಟಾರ್ ಹಾಕಿದಾಗ ಒಂದೇ ಕೋಣೆಯ ದೀಪ ಮಿನುಗುತ್ತದೆಯೇ, ಸಾಕೆಟ್ಟಿನಿಂದ ಚಿರ್ರೆನ್ನುವ ಸದ್ದು ಬರುತ್ತದೆಯೇ, ಕಾರಣವಿಲ್ಲದೆ ಮೀನಿನ ವಾಸನೆ ಇದೆಯೇ? ಇದ್ದರೆ ಮೈನ್ ಆಫ್ ಮಾಡಿ ಹಿರಿಯರಿಗೆ ಹೇಳಿ. ಹಾಸ್ಟೆಲಿನಲ್ಲಾದರೆ ವಾರ್ಡನ್ ಅವರಿಗೆ. ಹೊಸ ಮನೆ ಕಟ್ಟುತ್ತಿರುವವರು ಗೀಸರಿಗೂ ಎಸಿಗೂ ಪೆಟ್ಟಿಗೆಯಿಂದ ಸಾಕೆಟ್ಟಿನವರೆಗೆ ನಡುವೆ ಜಾಯಿಂಟೇ ಇಲ್ಲದ ವೈರು ಎಳೆಯಲು ಹೇಳಿ. ನಮ್ಮ ಮನೆಯಲ್ಲಿ ಮಾಮ ಕೊನೆಗೆ ಮಾಡಿದ್ದೂ ಅದನ್ನೇ.

ಆ ಸುಟ್ಟ ಕನೆಕ್ಟರ್ ಈಗ ನಮ್ಮ ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ, ಮೀಟರ್ ಬ್ರಿಡ್ಜ್ ಇಡುವ ಕಪಾಟಿನ ಕೆಳಗಿನ ಖಾನೆಯಲ್ಲಿದೆ. ಹೊಸ ಹಿತ್ತಾಳೆಯ ಒಂದು ತುಂಡನ್ನೂ ಪಕ್ಕದಲ್ಲಿಟ್ಟಿದ್ದೇನೆ. ಎರಡೂ ಹಳದಿಯೇ. ಯಾವುದು ಯಾವುದೆಂದು ನೋಡಬೇಕೆನಿಸಿದವರಿಗೆ ಮಾಮನ ಸ್ಪೀಕರ್ ಅಯಸ್ಕಾಂತವೂ ಅಲ್ಲಿಯೇ ಇದೆ.